ವಿಶ್ವ ಒಬ್ಬರಿಲ್ಲದ ದಿನ

ಫೆಬ್ರವರಿ ೧೦
ಕೊಡೆ ದಿನ (ನಿಜವಾಗಿಯೂ ಇದೆಯಂತೆ)

ಸಮಸ್ತ ಭೂಮಂಡಲದ ಗೌರವಾನ್ವಿತ ರಜಾದಿನಗಳೇ, ಅರ್ಧ ರಜೆಗಳೇ, ರಜೆ ಕೊಡಿಸುವ ಯೋಗ್ಯತೆಯಿಲ್ಲದೆ ಬರೀ ಹೆಸರಿಗಷ್ಟೇ ಬದುಕಿರುವ ಬಡಪಾಯಿ ದಿನಗಳೇ! ಕೊಡೆ ಕಾರ್ಖಾನೆಯ ಲೇಬಲ್ ಅಂಟಿಸುವ ವಿಭಾಗದ ಏಕೈಕ ಮುಖ್ಯಸ್ಥನೂ ಅದೇ ವಿಭಾಗದ ಏಕೈಕ ಕೆಲಸಗಾರನೂ ಆದ ನಾನು, ಅಂಟು ಮೆತ್ತಿದ ಎರಡೂ ಕೈಗಳನ್ನು ಜೋಡಿಸಿ (ಒಮ್ಮೆ ಜೋಡಿಸಿದರೆ ಬಿಡಿಸುವುದು ಕಷ್ಟ) ತಮ್ಮನ್ನು ಈ ದಿನಚರಿಯೊಳಗೆ ಸ್ವಾಗತಿಸುತ್ತೇನೆ. ಚಪ್ಪಲಿ ಹೊರಗೆ ಬಿಟ್ಟು ಬನ್ನಿ.

ಇಂದು ಇತಿಹಾಸ ಸೃಷ್ಟಿಯಾಯಿತು. ಯಜಮಾನರ ಮಗಳು ಓದು ಮುಗಿಸಿ ಬಂದು ಅಪ್ಪನ ಕುರ್ಚಿಯಲ್ಲಿ ಕೂತು ಎರಡು ತಿಂಗಳಾಯಿತಷ್ಟೆ. ಆ ಚಿಕ್ಕ ಯಜಮಾನಿ ಬೆಳಿಗ್ಗೆ ನಮ್ಮೆಲ್ಲರನ್ನೂ ಶೆಡ್ಡಿನ ನಡುವೆ ನಿಲ್ಲಿಸಿ ಫೋನು ಎತ್ತಿ ತೋರಿಸಿದರು.

“ಇವತ್ತು ಕೊಡೆ ದಿನ ಅಂತೆ! ಇಷ್ಟು ವರ್ಷದಿಂದ ಕೊಡೆ ಮಾಡ್ತಿದೀವಿ, ನಮಗೇ ಗೊತ್ತಿಲ್ಲ ನೋಡಿ.”

ಕಡ್ಡಿ ಜೋಡಿಸುವ ತಂತಿಯಣ್ಣ ಕೈ ಎತ್ತಿದ. “ರಜಾನಾ ಅಮ್ಮ?”

“ರಜಾ ಅಲ್ಲ. ಆಚರಣೆ.”

“ಹಾಗಾದ್ರೆ ಕೆಲಸ ಅನ್ನಿ.”

ಇನ್ನು ಮುಂದೆ ಪ್ರತಿ ಸೋಮವಾರ ಯಾರಿಗೂ ಗೊತ್ತಿಲ್ಲದ ಒಂದು ವಿಶೇಷ ದಿನವನ್ನು ಆಚರಿಸುವುದಂತೆ. ದಿನವನ್ನು ಹುಡುಕಿ ಅದರ ಹಿಂದಿನ ಕಥೆ ಹೇಳಲು ಒಬ್ಬರು ಬೇಕಂತೆ. ಮಾವ ನನ್ನ ಬೆನ್ನಿಗೆ ಕೈಯಿಟ್ಟು ಮುಂದೆ ತಳ್ಳಿದರು. “ಈ ಕೋತಿಗೆ ಹೇಳಿ ಅಮ್ಮ. ಅಂಟು ಹಚ್ಚೋದಕ್ಕಿಂತ ಕಥೆ ಕಟ್ಟೋದ್ರಲ್ಲಿ ಇವನ ಕೈ ಓಡುತ್ತೆ.”

ಮಾವ ಎಂದರೆ ನನ್ನಮ್ಮನ ತಮ್ಮ. ಚಿಕ್ಕಂದಿನಿಂದ ಅವರ ಮನೆಯಲ್ಲೇ ನನ್ನ ವಾಸ. ಈ ಕೆಲಸವೂ ಅವರು ಹೇಳಿಯೇ ಸಿಕ್ಕಿದ್ದು. ಅವರದು ಜಗತ್ತಿನ ಅತ್ಯಂತ ಸುಲಭದ ಕೆಲಸ. ತಯಾರಾದ ಪ್ರತಿ ಕೊಡೆಯನ್ನೂ ಒಮ್ಮೆ ಬಿಚ್ಚಿ, ಬಲ್ಬಿನ ಕೆಳಗೆ ಹಿಡಿದು ಒಳಗಿನಿಂದ ನೋಡುತ್ತಾರೆ. ನೆತ್ತಿಗೆ ಬೆರಳಿನಿಂದ ತಟ್ಟುತ್ತಾರೆ. ಸರಿಯಿದ್ದರೆ “ಹೂಂ” ಎಂದು ಮಡಚಿ ನನ್ನ ಕಡೆ ತಳ್ಳುತ್ತಾರೆ. ಸರಿಯಿಲ್ಲದಿದ್ದರೆ “ಊಹೂಂ”, ಕೊಡೆ ವಾಪಸ್ಸು. ದಿನವಿಡೀ ಶೆಡ್ಡಿನಲ್ಲಿ ಹೂಂ, ಹೂಂ, ಹೂಂ. ಹನ್ನೆರಡು ಹೂಂ ಆದರೆ ನಾನು ಪೆಟ್ಟಿಗೆ ಮುಚ್ಚುತ್ತೇನೆ. ಕೊಡೆ ಎಣಿಸುವ ತಾಪತ್ರಯವೇ ಇಲ್ಲ.

ಇರಲಿ. ಹೀಗೆ ನಾನು ವಿಶೇಷ ದಿನಗಳ ಆಸ್ಥಾನ ವಿದ್ವಾಂಸನಾದೆ. ಶಾಲು ಹೊದಿಸಲಿಲ್ಲ, ಕೊಡೆ ಬಟ್ಟೆಯ ಚೂರು ಹೊದಿಸಿದರು.

ಫೆಬ್ರವರಿ ೧೭
ಒಂಟಿ ಕಾಲುಚೀಲದ ದಿನ

ಹುಡುಕಿ ನೋಡಿದೆ. ಗುಂಡಿಗೊಂದು ದಿನ, ಚಮಚಕ್ಕೊಂದು ದಿನ, ಆಕಳಿಕೆಗೊಂದು ದಿನ. ಯಾರು ಯಾಕೆ ಶುರು ಮಾಡಿದರು ಎಂದರೆ ನೆಟ್ಟಗೆ ಉತ್ತರವಿಲ್ಲ. ಇರುವ ಕಥೆಗಳೂ ಸಪ್ಪೆ. ಆದ್ದರಿಂದ ದಿನವನ್ನೂ ಅದರ ಕಥೆಯನ್ನೂ ನಾನೇ ತಯಾರಿಸಬೇಕೆಂದು ಸರ್ವಾನುಮತದಿಂದ (ಹಾಜರಿದ್ದವನು ನಾನೊಬ್ಬನೇ) ತೀರ್ಮಾನಿಸಿದೆ.

ಇವತ್ತಿನದು ಹೀಗಿತ್ತು. ಒಂದಾನೊಂದು ಬಂದರು. ಒಬ್ಬ ನಾವಿಕ ಅವಸರದಲ್ಲಿ ಒಂದೇ ಕಾಲುಚೀಲ ಹಾಕಿಕೊಂಡು ಹಡಗು ಹತ್ತಿದ, ಮರಳಿ ಬರಲಿಲ್ಲ. ಹೆಂಡತಿ ಉಳಿದ ಇನ್ನೊಂದು ಕಾಲುಚೀಲವನ್ನು ಸಾಯುವ ತನಕ ತೊಳೆದು ತೊಳೆದು ಒಣಗಿಸಿದಳು. ಅಂದಿನಿಂದ ಆ ಊರಿನವರು ವರ್ಷಕ್ಕೊಮ್ಮೆ ಒಂದೇ ಕಾಲಿಗೆ ಕಾಲುಚೀಲ ತೊಡುತ್ತಾರೆ.

ಹೊಲಿಗೆ ವಿಭಾಗದ ಹಿರಿಯಳು, ನಾವೆಲ್ಲ ಹೊಲಿಗೆ ಅಕ್ಕ ಎನ್ನುವವಳು, ಮಿಷನ್ನಿನ ಮೇಲೆ ಮುಖವಿಟ್ಟು ಅತ್ತಳು. ಆ ನಾವಿಕ ಹುಟ್ಟಿದ್ದು ನಿನ್ನೆ, ನನ್ನ ಎಡಗಾಲಿನ ಕಾಲುಚೀಲ ಕಾಣದಿದ್ದಾಗ.

ಮನೆಗೆ ನಡೆಯುವಾಗ ಮಾವ ಅಂದರು, “ಚೆನ್ನಾಗಿತ್ತು ಕಣೋ. ಸುಳ್ಳು ಅಂತ ಗೊತ್ತಾಗ್ದೇ ಇರೋ ಹಾಗಿತ್ತು.”

“ಸುಳ್ಳಾ? ಏನ್ ಮಾವ ನೀವು! ಇತಿಹಾಸ ಅದು.”

“ಹೂಂ,” ಎಂದರು. ಅಂದರೆ ನನ್ನ ಕಥೆ ಪಾಸು.

ಫೆಬ್ರವರಿ ೨೦
ಅಂತರರಾಷ್ಟ್ರೀಯ ಕಾಗದದ ಚೂರುಗಳ ದಿನ (ಖಾಸಗಿ ಆಚರಣೆ)

ಚಹಾದ ಹೊತ್ತಿನಲ್ಲಿ ಒಂದು ಕೊಡೆಯೊಳಗೆ ಕಾಗದದ ಚೂರು ತುಂಬಿಸಿ ಮಾವನ ಮೇಜಿನ ಮೇಲಿಟ್ಟೆ. ಮಾವ ಬಂದರು, ಬಿಚ್ಚಿದರು. ಬೆಳ್ಳಗಿನ ಚೂರುಗಳು ತಲೆ, ಮೀಸೆ, ಕನ್ನಡಕದ ಮೇಲೆಲ್ಲ ಸುರಿದವು. ಇಡೀ ಶೆಡ್ಡು ಬಿದ್ದು ಬಿದ್ದು ನಕ್ಕಿತು.

ಅಲ್ಲಿಗೆ ನಿಲ್ಲಬೇಕಿತ್ತು. ಮಾವ ಒಂದೊಂದೇ ಚೂರು ತೆಗೆಯುತ್ತಾ ಎಲ್ಲರ ಕಡೆ ತಿರುಗಿ, ಬಹಳ ಸಾವಧಾನವಾಗಿ ಶುರು ಮಾಡಿದರು. “ನಮ್ಮ ಕೊಡೆ ಬಟ್ಟೆ ಎಷ್ಟು ಗಟ್ಟಿ ಅಂತ ನಂಗೆ ಹೇಗೆ ಗೊತ್ತಾಯ್ತು, ಹೇಳ್ಲಾ? ಇವನು ಐದನೇ ಕ್ಲಾಸ್ವರೆಗೂ ರಾತ್ರಿ ಹಾಸಿಗೆ ಒದ್ದೆ ಮಾಡ್ತಿದ್ದ. ಅತ್ತೆ ಕಟ್ಟಿಗೆ ತಗೊಂಡು ನಿಲ್ಲೋಳು. ನಾನು ಇಲ್ಲಿಂದ ಚೂರುಬಟ್ಟೆ ತಗೊಂಡ್ ಹೋಗಿ ಜೋಡಿಸಿ ಹೊಲಿದು ಇವನ ಕೆಳಗೆ ಹಾಸ್ತಿದ್ದೆ. ಒಂದು ತೊಟ್ಟು ಹಾಸಿಗೆಗೆ ಇಳೀತಿರ್ಲಿಲ್ಲ ನೋಡಿ!”

ನಕ್ಕ ಸದ್ದಿಗೆ ತಗಡಿನ ಮಾಡು ಅದುರಿತು. ಸಂಜೆಯ ಹೊತ್ತಿಗೆ ನನ್ನ ಹೆಸರು ಶೆಡ್ಡಿನಲ್ಲಿ ವಾಟರ್‌ಪ್ರೂಫ್. “ಏ ವಾಟರ್‌ಪ್ರೂಫ್, ಲೇಬಲ್ ತಗೊಂಡ್ ಬಾ.” ಬಾಗಿಲು ಕಾಯುವವನೂ ಹಾಗೇ ಕರೆದ.

ಮಾವ ತಮಾಷೆಗೆ ತಮಾಷೆ ಕೊಟ್ಟೆ ಎಂದುಕೊಂಡಿದ್ದಾರೆ. ಒಳ್ಳೆಯದು. ಲೆಕ್ಕ ಇನ್ನೂ ಬಾಕಿ ಇದೆ.

ಫೆಬ್ರವರಿ ೨೩

ಸ್ನಾನದ ಮನೆಯಲ್ಲಿ ಹೊಳೆಯಿತು. ಸೋಪು ಕೈಯಿಂದ ಜಾರಿತು.

ವಿಶ್ವ ಒಬ್ಬರಿಲ್ಲದ ದಿನ! ಕಥೆ: ಒಂದು ಹಿಮದ ದ್ವೀಪ. ಅಲ್ಲಿ ಗಂಟೆ ಎರಕ ಹೊಯ್ಯುವ ಕೆಲಸಗಾರರು ಜಗಳವಾಡಿ ಒಬ್ಬನನ್ನು ಇಡೀ ದಿನ ಇಲ್ಲವೆಂದೇ ಭಾವಿಸಿದರು. ನೋಡಲಿಲ್ಲ, ಮಾತಾಡಲಿಲ್ಲ. ಆದರೆ ಸಂಜೆಯಾಗುವಷ್ಟರಲ್ಲಿ ಒಬ್ಬೊಬ್ಬನಿಗೂ ಅವನಿಲ್ಲದೆ ಏನೋ ಒಂದು ಕಡಿಮೆಯಾಯಿತು. ಓಡಿ ಬಂದು ತಬ್ಬಿಕೊಂಡರು. ಅಂದಿನಿಂದ ವರ್ಷಕ್ಕೊಮ್ಮೆ ಚೀಟಿ ಎತ್ತಿ ಒಬ್ಬರನ್ನು ಇಲ್ಲವಾಗಿಸುತ್ತಾರೆ. ಸಂಜೆ ಎಲ್ಲರೂ ಸಾಲಾಗಿ ನಿಂತು ಏನು ಕಡಿಮೆಯಾಯಿತೆಂದು ಹೇಳುತ್ತಾರೆ.

ಎಷ್ಟು ಸಿಹಿಯಾದ ಕಥೆ! ಚಿಕ್ಕ ಯಜಮಾನಿಗೆ ಕಣ್ಣು ತುಂಬಿ ಬರುತ್ತದೆ. ಚೀಟಿಗಳನ್ನು ಬರೆದು ಡಬ್ಬಿಗೆ ಹಾಕಿದ್ದಾಗಿದೆ. ಎಲ್ಲದರಲ್ಲೂ ಮಾವನ ಹೆಸರೇ.

ಫೆಬ್ರವರಿ ೨೪
ವಿಶ್ವ ಒಬ್ಬರಿಲ್ಲದ ದಿನ

ವಿಜಯೋತ್ಸವದ ವರದಿ, ಸಾವಕಾಶವಾಗಿ ಬರೆಯುತ್ತೇನೆ.

ಚಿಕ್ಕ ಯಜಮಾನಿ ಕಣ್ಣು ಮುಚ್ಚಿಕೊಂಡು ಚೀಟಿ ಎತ್ತಿದರು. ಮಾವನ ಹೆಸರು ಕೇಳಿದ್ದೇ ತಡ, ಎಲ್ಲರೂ ಓಹೋ ಎಂದರು. ಮಾವನೂ ನಕ್ಕರು. ನಿಯಮದಂತೆ ಅವರು ತಮ್ಮ ಸ್ಟೂಲಿನ ಮೇಲೆ ಸುಮ್ಮನೆ ಕೂರಬೇಕು, ಕೆಲಸ ಮುಟ್ಟುವಂತಿಲ್ಲ. ಕೊಡೆಗಳು ಹೊಲಿಗೆ ಅಕ್ಕನ ಕೈಯಿಂದ ನೇರ ನನ್ನ ಕೈಗೆ.

“ಹೂಂ ಅಂತ ಅನ್ನಬಹುದಾ, ಕೂತಲ್ಲೇ?” ಎಂದು ಕೇಳಿದರು. ಯಾರೂ ತಿರುಗಲಿಲ್ಲ. “ಅನ್ನೋ ಹಾಗಿಲ್ಲ ಅಂತ ಕಾಣುತ್ತೆ,” ಎಂದು ತಮ್ಮಷ್ಟಕ್ಕೆ ತಾವೇ ಹೇಳಿಕೊಂಡರು.

ಚಹಾ ಬಂತು. ಮಾವ ಕೈ ಚಾಚಿದರು, ಟ್ರೇ ಅವರ ಕೈ ಮೇಲಿಂದಲೇ ದಾಟಿ ಹೋಯಿತು. ತಂತಿಯಣ್ಣ ಅವರ ಮುಂದೆ ನಿಂತು, “ಈ ಸ್ಟೂಲ್ ಯಾರೂ ಬಳಸ್ತಿಲ್ಲ, ಎತ್ತಿಡೋಣ್ವಾ?” ಎಂದ. ನಕ್ಕು ನಕ್ಕು ನನ್ನ ಹೊಟ್ಟೆ ಹುಣ್ಣಾಯಿತು. ಊಟದ ಡಬ್ಬಿ ನಮ್ಮಿಬ್ಬರಿಗೂ ಒಂದೇ. ಅತ್ತೆ ಮೇಲಿನದರಲ್ಲಿ ನನಗೆ, ಕೆಳಗಿನದರಲ್ಲಿ ಮಾವನಿಗೆ ಹಾಕಿರುತ್ತಾರೆ. ನಾನು ಮೇಲಿನದನ್ನು ತಿಂದೆ. ಆಮೇಲೆ ಎಲ್ಲರೂ ನೋಡುತ್ತಿದ್ದಾರೆಂದು ಕೆಳಗಿನದನ್ನೂ ತಿಂದೆ. ಕಷ್ಟಪಟ್ಟೇ ತಿಂದೆ ಎನ್ನಿ. ಮಾವ ಕಿಟಕಿಯ ಕಡೆ ನೋಡುತ್ತಾ ಕೂತಿದ್ದರು.

ಸಂಜೆ ಎಲ್ಲರೂ ಅವರ ಸುತ್ತ ನಿಂತೆವು. ಮಾವ ಆಗಲೇ ಹೋಗಿ ಮುಖ ತೊಳೆದು, ತಲೆ ಬಾಚಿಕೊಂಡು ಬಂದಿದ್ದರು.

ಹೊಲಿಗೆ ಅಕ್ಕ ಮೊದಲು. “ಏನ್ ಹೇಳೋದಪ್ಪ… ಇವತ್ತು ಒಂದು ಕೊಡೆನೂ ನನ್ನ ಹತ್ರ ವಾಪಸ್ ಬರ್ಲಿಲ್ಲ. ಆರಾಮಾಗಿತ್ತು.”

“ನಂದೂ ಅದೇ,” ಎಂದ ತಂತಿಯಣ್ಣ. “ತಲೆ ಮೇಲೆ ಊಹೂಂ ಅನ್ನೋರು ಇರ್ಲಿಲ್ಲ.”

ಮುಂದಿನವರೂ ಹಾಗೇ. ಒಬ್ಬಳಿಗಂತೂ ಎಷ್ಟು ಯೋಚಿಸಿದರೂ ಏನೂ ಹೊಳೆಯಲಿಲ್ಲ. “ಕ್ಷಮಿಸಿ ಅಣ್ಣ” ಎಂದಳು. ಕೊನೆಗೆ ನನ್ನ ಸರದಿ. ವಾಟರ್‌ಪ್ರೂಫ್ ಏನು ಹೇಳುತ್ತಾನೋ ಎಂದು ಎಲ್ಲರ ಕಣ್ಣೂ ನನ್ನ ಬಾಯಿಯ ಮೇಲೆ. ನಾನು ಗಂಟಲು ಸರಿಮಾಡಿಕೊಂಡು ಘೋಷಿಸಿದೆ: “ಕಡಿಮೆ ಆಗಿದ್ದು ಏನೂ ಇಲ್ಲ. ಜಾಸ್ತಿ ಆಗಿದ್ದು ಇದೆ. ದಿನಾ ಹೋಗೋದಕ್ಕಿಂತ ಎರಡು ಪೆಟ್ಟಿಗೆ ಜಾಸ್ತಿ ಹೋಗಿದೆ!”

ಚಪ್ಪಾಳೆ, ಶಿಳ್ಳೆ. ಚಿಕ್ಕ ಯಜಮಾನಿ ಮಾತ್ರ ಚಪ್ಪಾಳೆ ತಟ್ಟಲಿಲ್ಲ.

“ಎರಡಾ?” ಎಂದರು. “ನಿಜವಾಗ್ಲೂ?”

“ನಿಜವಾಗ್ಲೂ ಅಮ್ಮ.”

ಮಾವ ಎಲ್ಲರನ್ನೂ ಒಮ್ಮೆ ನೋಡಿ, “ಹೂಂ,” ಎಂದರು.

ಫೆಬ್ರವರಿ ೨೫

ಚಿಕ್ಕ ಯಜಮಾನಿ ಆಚರಣೆಯನ್ನು ಒಂದು ವಾರ ಮುಂದುವರಿಸಿದ್ದಾರೆ. ಪ್ರಯೋಗವಂತೆ. ನನ್ನ ಕೃತಿಗೆ ಸಿಕ್ಕ ಈ ಮನ್ನಣೆ ಇತಿಹಾಸದಲ್ಲೇ ಮೊದಲು; ಒಂದೇ ದಿನದಲ್ಲಿ ಮುಗಿಯದ ದಿನ!

ಇವತ್ತು ಡಬ್ಬಿಯ ಕೆಳಗಿನ ಪಾತ್ರೆಯನ್ನು ಮಾವನ ಹತ್ತಿರ ತಳ್ಳಿದೆ. ಯಾರೂ ನೋಡುತ್ತಿರಲಿಲ್ಲ. ಅವರು ಮುಟ್ಟಲಿಲ್ಲ. “ನಾನಿಲ್ವಲ್ಲೋ,” ಎಂದು ಕಣ್ಣು ಹೊಡೆದರು.

ಫೆಬ್ರವರಿ ೨೮

ಮಾವ ದಿನವೂ ಬರುತ್ತಾರೆ, ಸ್ಟೂಲಿನ ಮೇಲೆ ಕೂರುತ್ತಾರೆ. ಈಗ ಯಾರೂ ನಗುವುದಿಲ್ಲ. ನಗುವುದಕ್ಕೆ ಅಲ್ಲಿ ಯಾರೋ ಇದ್ದಾರೆ ಅನ್ನಿಸಬೇಕಲ್ಲ. ತಂತಿಯಣ್ಣ ನಿನ್ನೆ ಅವರ ಮಡಿಲಿಗೇ ಕಡ್ಡಿಯ ಕಟ್ಟು ಇಟ್ಟು ಹೋಗಿದ್ದ. ತಮಾಷೆಗಲ್ಲ, ಮರೆತು.

ಅತ್ತೆಗೆ ಏನೂ ಗೊತ್ತಿಲ್ಲ. “ಏನ್ರೀ, ಕೈ ಇಷ್ಟು ನುಣ್ಣಗಾಗಿದೆ, ಕೆಲಸ ಮಾಡ್ತಿದೀರೋ ಇಲ್ವೋ?” ಎಂದರು ಊಟಕ್ಕೆ ಬಡಿಸುತ್ತಾ. ಮಾವ ನನ್ನ ಕಡೆ ನೋಡಿದರು. “ಇದು ಹಬ್ಬದ ವಾರ ಕಣೇ,” ಎಂದರು.

ಮಾರ್ಚ್ ೧೦
ವಿಶ್ವ ಕೃತಜ್ಞತಾ ದಿನ (ಕಾರ್ಖಾನೆಯ ಆದೇಶದ ಮೇರೆಗೆ)

ಪ್ರಯೋಗದ ವಾರ ಮುಗಿದ ಮೇಲೆ ಚಿಕ್ಕ ಯಜಮಾನಿ ನನ್ನನ್ನು ಒಳಗೆ ಕರೆದು ಹೇಳಿದ್ದರು. “ನಿಮ್ಮ ಮಾವನ್ನ ಹೀಗೆ ಕೂರಿಸಿಡೋಕೆ ನಂಗೆ ಬೇಜಾರು. ಗೌರವವಾಗಿ ಕಳಿಸೋಣ. ಅದಕ್ಕೆ ಹೊಂದೋ ಒಂದು ದಿನ ಹುಡುಕು. ಭಾಷಣಾನೂ ನೀನೇ ಬರಿ, ನಿನ್ನ ಭಾಷೆ ಚೆನ್ನಾಗಿದೆ.”

ಬರೆದೆ. ‘ಅಸಂಖ್ಯ ಕೊಡೆಗಳ ಒಳಾಕಾಶವನ್ನು ಕಂಡ ಮಹನೀಯರೇ’ ಎಂದು ಶುರು. ಒಳ್ಳೆಯ ಸಾಲು, ಸುಳ್ಳೇನಲ್ಲ. ಓದುವಾಗ ಎಲ್ಲರೂ ಎಲ್ಲಿ ನಗಬೇಕೋ ಅಲ್ಲಿ ನಕ್ಕರು, ಎಲ್ಲಿ ನಿಟ್ಟುಸಿರು ಬಿಡಬೇಕೋ ಅಲ್ಲಿ ಬಿಟ್ಟರು.

ಉಡುಗೊರೆ ಒಂದು ಕೊಡೆ. ನಮ್ಮದೇ, ಮರದ ಹಿಡಿಯದ್ದು. ಮಾವ ಎರಡೂ ಕೈಯಲ್ಲಿ ತೆಗೆದುಕೊಂಡರು. ಆಮೇಲೆ ಅಭ್ಯಾಸ ನೋಡಿ, ಎಲ್ಲರ ಮುಂದೆ ಬಿಚ್ಚಿದರು, ಬಲ್ಬಿನ ಕೆಳಗೆ ಹಿಡಿದರು, ನೆತ್ತಿಗೆ ಬೆರಳಿನಿಂದ ತಟ್ಟಿದರು.

“ಊಹೂಂ,” ಎಂದರು.

ಶೆಡ್ಡು ಸಿಡಿಯುವಂಥ ನಗೆ. ಚಿಕ್ಕ ಯಜಮಾನಿಯೂ ಬಾಯಿಗೆ ಕೈಯಿಟ್ಟುಕೊಂಡು ನಕ್ಕರು. “ಅಯ್ಯೋ, ಬೇರೆ ಕೊಡ್ತೀವಿ ಬಿಡಿ.”

“ಬೇಡಮ್ಮ. ಒಂದು ಹೊಲಿಗೆ ಬಿಟ್ಟಿದೆ ಅಷ್ಟೆ. ಇದೇ ಇರಲಿ.”

ಮನೆಗೆ ಒಟ್ಟಿಗೇ ನಡೆದೆವು. ಸೇತುವೆ ದಾಟಿದೆವು. ಆಮೇಲೆ ಅವರು ಕೇಳಿದರು. “ಚೀಟಿ ಎಲ್ಲದರಲ್ಲೂ ನನ್ನ ಹೆಸರೇ ಇತ್ತು ಅಲ್ವೇನೋ?”

ನಾನು ಚಪ್ಪಲಿ ನೋಡಿಕೊಂಡೆ.

“ನಿನ್ನ ವಯಸ್ಸಲ್ಲಿ ನಾನಾಗಿದ್ರೂ ಅದನ್ನೇ ಮಾಡ್ತಿದ್ದೆ,” ಎಂದರು. “ಅತ್ತೆಗೆ ಹೇಳಬೇಡ. ಕಟ್ಟಿಗೆ ಇನ್ನೂ ಹಾಗೇ ಇದೆ.”

ಮಾರ್ಚ್ ೧೨

ಅತ್ತೆ ಪಾತ್ರೆ ತೊಳೆಯುವ ಸದ್ದು ಬೀದಿ ತುದಿಯವರೆಗೂ ಕೇಳಿಸುತ್ತಿದೆ. “ಹೂಂ ಅನ್ನೋದಕ್ಕೆ ಇಷ್ಟು ವರ್ಷ ಸಂಬಳ ಕೊಟ್ಟಿದ್ದೇ ದೊಡ್ಡದು ಬಿಡಿ. ಇನ್ನು ಮನೇಲಿ ನಾನು ಹೇಳಿದ್ದಕ್ಕೆಲ್ಲ ಹೂಂ ಅನ್ನಿ, ಊಟ ಹಾಕ್ತೀನಿ.” ಮಾವ ಹೂಂ ಎನ್ನಲಿಲ್ಲ. ಅವರು ನಗಬಹುದು ಎಂದುಕೊಂಡಿದ್ದೆ. ನಗಲಿಲ್ಲ.

ಮಾರ್ಚ್ ೨೯
ವಿಶ್ವ ಸಂದರ್ಶನ ದಿನ

ಮಾವ ಪೇಟೆಯ ದೊಡ್ಡ ಚೀಲದ ಅಂಗಡಿಗೆ ಕೆಲಸ ಕೇಳಲು ಹೋಗಿದ್ದರಂತೆ. ಊಟದ ಹೊತ್ತಿನಲ್ಲಿ ಅವರೇ ನಟಿಸಿ ತೋರಿಸಿದರು.

“‘ಏನ್ ಕೆಲಸ ಬರುತ್ತೆ?’ ಅಂದ. ‘ಕೊಡೆ ಬಿಚ್ತೀನಿ’ ಅಂದೆ. ‘ಆಮೇಲೆ?’ ಅಂದ. ‘ಮಡಚ್ತೀನಿ’ ಅಂದೆ. ‘ಬಿಚ್ಚಿ ಮಡಚೋದಾದ್ರೆ ಬಿಚ್ಚೋದು ಯಾಕೆ?’ ಅಂದ. ನಾನೂ ಯೋಚನೆ ಮಾಡ್ದೆ. ಉತ್ತರ ಬರ್ಲಿಲ್ಲ ನೋಡು.”

ಅತ್ತೆಗೆ ನಗು ತಡೆಯಲಾಗಲಿಲ್ಲ. ನನಗೂ. ನಗು ನಿಂತ ಮೇಲೆ ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದರು, ಬಹಳ ಹೊತ್ತು ಬರಲಿಲ್ಲ.

ಏಪ್ರಿಲ್ ೨೧
ಅಂತರರಾಷ್ಟ್ರೀಯ ಎಡಗೈ ಬಾಚಣಿಗೆ ದಿನ

ಕಥೆ ಸರಿಯಾಗಿ ಬರಲಿಲ್ಲ. ಅರ್ಧಕ್ಕೆ ನಿಲ್ಲಿಸಿದೆ. ಯಾರೂ ‘ಆಮೇಲೆ?’ ಎನ್ನಲಿಲ್ಲ.

ಜೂನ್ ೬

ಮಳೆ ಹಿಡಿಯಿತು. ನಮ್ಮ ಕೊಡೆಗಳೆಲ್ಲ ಈಗ ಬೀದಿಯಲ್ಲಿವೆ. ಯಾರೂ ಬಿಚ್ಚಿ ನೋಡದೆ ಕಳಿಸಿದ ಕೊಡೆಗಳು. ಇನ್ನು ಶುರುವಾಗುತ್ತದೆ ದೂರಿನ ಸುರಿಮಳೆ. ಆಗ ಚಿಕ್ಕ ಯಜಮಾನಿಗೆ ಗೊತ್ತಾಗುತ್ತದೆ. ವೈಜ್ಞಾನಿಕ ಕುತೂಹಲದಿಂದ ಕಾಯುತ್ತಿದ್ದೇನೆ, ಅಷ್ಟೆ.

ಜೂನ್ ೧೧

ಫೋನು ಬಂತು! ಓಡಿ ಹೋಗಿ ಬಾಗಿಲ ಹತ್ತಿರ ನಿಂತೆ. ಯಾವುದೋ ಅಂಗಡಿಯವರು ಹಳೆಯ ಪೆಟ್ಟಿಗೆ ಈಗ ಒಡೆದರಂತೆ. ಒಳಗೆ ಹನ್ನೊಂದೇ ಕೊಡೆ ಇದ್ದವಂತೆ. “ಇನ್ನೊಂದು ಕಳಿಸಿ,” ಎಂದು ಚಿಕ್ಕ ಯಜಮಾನಿ ಫೋನಿಟ್ಟರು. ಅಷ್ಟೇ. ಅದು ದೂರಲ್ಲ, ಲೆಕ್ಕ.

ಜೂನ್ ೧೮

ಒಂದೂ ಕೊಡೆ ವಾಪಸ್ಸು ಬಂದಿಲ್ಲ. ಒಂದೂ ಇಲ್ಲ! ಬಸ್ ನಿಲ್ದಾಣದಲ್ಲಿ ನಮ್ಮ ಕೊಡೆ ಹಿಡಿದವರ ಪಕ್ಕ ನಿಂತು ನೋಡಿದೆ. ಒಬ್ಬಾಕೆಯ ಕೊಡೆಯಲ್ಲಿ ತೂತಿತ್ತು, ಭುಜದ ಮೇಲೆ ಹನಿ ಬೀಳುತ್ತಿತ್ತು. “ಅಮ್ಮ, ಇದನ್ನ ಅಂಗಡಿಗೆ ವಾಪಸ್ ಕೊಡಬಹುದು,” ಎಂದೆ. “ಬಿಡಪ್ಪಾ, ಕೊಡೆ ಅಂದ್ಮೇಲೆ ಸ್ವಲ್ಪ ಸೋರುತ್ತೆ,” ಎಂದಳು.

ಇಂಥ ಜನರನ್ನಿಟ್ಟುಕೊಂಡು ಏನು ಮಾಡುವುದು.

ಜೂನ್ ೧೯
ವಿಶ್ವ ಇಕ್ಕಳದ ದಿನ (ಖಾಸಗಿ ಆಚರಣೆ)

ಒಂದು ಪೆಟ್ಟಿಗೆಯ ಹನ್ನೆರಡಕ್ಕೂ ಎರಡೆರಡು ಕಡ್ಡಿ ಸಡಿಲಿಸಿದೆ. ಮಾವನಿಗೆ ಮಾತ್ರ ಬಿಚ್ಚಿದ ಕೂಡಲೇ ಗೊತ್ತಾಗುತ್ತಿತ್ತು. ನೋಡೋಣ, ಈಗಲಾದರೂ ಕರೆಸುತ್ತಾರೋ ಇಲ್ಲವೋ.

ಜುಲೈ ೩

ಪೆಟ್ಟಿಗೆ ವಾಪಸ್ಸು ಬಂದಿದೆ. ಅಂಗಡಿಯವರು ಸ್ವತಃ ಬಂದು ಕೂಗಾಡಿದರು. ಶಾಲೆಗೆ ಹೋಗುತ್ತಿದ್ದ ಮಗುವೊಂದು ಕೊಡೆ ಬಿಚ್ಚಿದಾಗ ಕಡ್ಡಿ ಹಾರಿ ಕೆನ್ನೆಗೆ ತಾಗಿದೆಯಂತೆ. ಕಣ್ಣಿನ ಹತ್ತಿರ. ದೊಡ್ಡದೇನಲ್ಲವಂತೆ. ಹೊಲಿಗೆ ಹಾಕಿದ್ದಾರಂತೆ.

ಚಿಕ್ಕ ಯಜಮಾನಿ ನನ್ನನ್ನು ಕರೆದರು. “ಇದು ನಿಮ್ಮ ಮಾವ ಇದ್ದಾಗಿನ ಪೆಟ್ಟಿಗೆ ಇರಬೇಕು. ಇಷ್ಟು ದಿನ ಏನ್ ನೋಡ್ತಿದ್ರೋ.”

“ಮಾವನ್ನೇ ಕರೆಸಿದ್ರೆ…” ಎಂದೆ.

“ಅವರ ಕಣ್ಣು ಸರಿ ಇದ್ದಿದ್ರೆ ಇದು ಆಗ್ತಿತ್ತಾ? ಬೇಡ. ಆದ್ರೆ ನೋಡೋರು ಒಬ್ಬರು ಬೇಕು ಅನ್ನೋದು ನಿಜ. ಸೋಮವಾರದಿಂದ ನೀನೇ ನೋಡು. ಲೇಬಲ್ ಜೊತೆಗೆ.”

ಮನೆಗೆ ಬಂದು ಹೇಳಲೇಬೇಕಾಯಿತು. ಬಾಗಿಲು ಕಾಯುವವನು ದಾರಿಯಲ್ಲಿ ಅತ್ತೆಗೆ ಆಗಲೇ ಹೇಳಿಬಿಟ್ಟಿದ್ದ. ಮಾವ ಆ ಉಡುಗೊರೆ ಕೊಡೆಯ ಹೊಲಿಗೆ ಬಿಚ್ಚಿ ಮತ್ತೆ ಹಾಕುತ್ತಾ ಕೂತಿದ್ದರು. ಸೂಜಿ ನಿಲ್ಲಿಸಿದರು.

“ಮಗು ಎಷ್ಟು ದೊಡ್ಡದು?”

“ಗೊತ್ತಿಲ್ಲ ಮಾವ.”

“ಯಾವ ಕಡ್ಡಿ?”

“ಎರಡು. ಎದುರು ಬದುರು.”

ಅವರು ಕೊಡೆಯನ್ನು ಪಕ್ಕಕ್ಕಿಟ್ಟು ಕನ್ನಡಕ ತೆಗೆದು ಒರೆಸಿಕೊಂಡರು. “ನನ್ನ ಕಣ್ಣಿಗೆ ತಪ್ಪಿ ಹೋಗಿದೆ ಅಂತಾಯ್ತು. ಹೂಂ ಅಂದಿರ್ತೀನಿ, ನೋಡದೇ.” ಕನ್ನಡಕ ಹಾಕಿಕೊಂಡು ಮತ್ತೆ ಅಂದರು, “ಅವರು ನನ್ನ ಕಳಿಸಿದ್ದೇ ಸರಿಯಾಯ್ತು ಬಿಡು.”

ಅತ್ತೆ 'ನಿಮ್ಮದೇನು ತಪ್ಪು' ಎಂದರು. ಕೂಗಿ ಹೇಳಲಿಲ್ಲ. ಮೊದಲ ಸಲ.

ನಾನು ಏನಾದರೂ ಹೇಳುವುದಿದ್ದರೆ ಆ ಹೊತ್ತಿನಲ್ಲಿ ಹೇಳಬೇಕಿತ್ತು. ಊಟ ಮಾಡಿದೆ.

ಜುಲೈ ೭

ಸ್ಟೂಲು ನಾನೆಂದುಕೊಂಡದ್ದಕ್ಕಿಂತ ಎತ್ತರವಿದೆ. ಮಾವ ಅದರ ಒಂದು ಕಾಲಿಗೆ ಕೊಡೆ ಬಟ್ಟೆ ಸುತ್ತಿಟ್ಟಿದ್ದಾರೆ, ಅಲುಗಾಡದಿರಲೆಂದು.

“ಇವತ್ತು ಯಾವ ದಿನ?” ಎಂದು ಚಿಕ್ಕ ಯಜಮಾನಿ ಕೇಳಿದರು. “ಸೋಮವಾರ,” ಎಂದೆ. ನಾನು ತಮಾಷೆ ಮಾಡುತ್ತಿದ್ದೇನೆಂದುಕೊಂಡು ಎಲ್ಲರೂ ನಕ್ಕರು.

ಮಧ್ಯಾಹ್ನ ಡಬ್ಬಿ ತೆರೆದೆ. ಅತ್ತೆ ಅಭ್ಯಾಸಬಲದಿಂದ ಕೆಳಗಿನದನ್ನೂ ತುಂಬಿಸಿಬಿಟ್ಟಿದ್ದಾರೆ. ಹಾಗೇ ಮುಚ್ಚಿ ಮನೆಗೆ ತಂದೆ.

ಜುಲೈ ೧೦

ಹೊಲಿಗೆ ಅಕ್ಕ ಮಿಷನ್ ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದಳು. “ಏನೋ ವಾಟರ್‌ಪ್ರೂಫ್, ನೀನೂ ಶುರು ಮಾಡಿದ್ಯಾ?”

“ಏನು?”

“ಹೂಂ ಹೂಂ ಅಂತ.”

ನಾನೆಲ್ಲಿ ಅಂದೆ! ಇಡೀ ಶೆಡ್ಡು ಅಂದಿದ್ದೇನೆ ಎನ್ನುತ್ತದೆ. ಎಲ್ಲರಿಗೂ ಕಿವಿ ಕೆಟ್ಟಿದೆ. ಅವಳ ಮೂರು ಕೊಡೆ ವಾಪಸ್ಸು ಕಳಿಸಿದ ಸಿಟ್ಟು, ಅದಕ್ಕೇ ಹಾಗೆ ಹೇಳುತ್ತಾಳೆ.

ಜುಲೈ ೧೪

ಮಾವ ಈಗ ಹೊರಗೆ ಹೊರಡುವಾಗ ಕೊಡೆ ಒಯ್ಯುವುದಿಲ್ಲ. ನೆನೆದುಕೊಂಡೇ ಬರುತ್ತಾರೆ. ಕೇಳಿದರೆ, ಬಿಚ್ಚಲು ಭಯ ಎನ್ನುತ್ತಾರೆ.

ಗೌರವಾನ್ವಿತ ದಿನಗಳೇ, ಇತ್ಯಾದಿ ಇತ್ಯಾದಿ. ಒಂದು ಸಣ್ಣ ಮಾತು, ನಿಮ್ಮಲ್ಲೇ ಇರಲಿ.

ಇವತ್ತು ಪೆಟ್ಟಿಗೆ ತುಂಬುವಾಗ ಬೇಕೆಂದೇ ಬಾಯಿ ಬಿಗಿಹಿಡಿದು ನೋಡಿದೆ. ಐದೋ ಆರೋ ಆಗುವಷ್ಟರಲ್ಲಿ ಲೆಕ್ಕ ತಪ್ಪಿತು. ಮತ್ತೆ ಮೊದಲಿನಿಂದ, ಮತ್ತೆ ತಪ್ಪಿತು. ಫೆಬ್ರವರಿಯ ಆ ಸೋಮವಾರವೂ ಹೀಗೇ ಆಗಿತ್ತು. ಶೆಡ್ಡಿನಲ್ಲಿ ಒಂದೂ ಹೂಂ ಇರಲಿಲ್ಲ. ಕಣ್ಣಳತೆಗೆ ತುಂಬಿಸಿ ತುಂಬಿಸಿ ಮುಚ್ಚಿದ್ದೆ, ಬೆಳಗಿನಿಂದ ಸಂಜೆಯವರೆಗೆ. ಸಾಲಿನಲ್ಲಿ ನನ್ನ ಸರದಿ ಬಂದಾಗ ಬಾಯಿಗೆ ಮೊದಲು ಬಂದದ್ದು ಅದೇ, ನಿಮ್ಮ ಹೂಂ ಇಲ್ಲದೆ ನನಗೆ ಎಣಿಸಲಾಗಲಿಲ್ಲ ಮಾವ ಎಂದು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

ಎಷ್ಟು ಪೆಟ್ಟಿಗೆ ಹೋಯಿತೆಂದು ನನಗೆ ಅಂದೂ ಗೊತ್ತಿರಲಿಲ್ಲ, ಇಂದೂ ಗೊತ್ತಿಲ್ಲ. ಮೂರು ಜಾಸ್ತಿ ಎನ್ನೋಣ ಎಂದಿದ್ದೆ. ಯಾರೂ ನಂಬಲಿಕ್ಕಿಲ್ಲವೆಂದು ಎರಡಕ್ಕೆ ಇಳಿಸಿದೆ.